ಕೇಳದೆ ಬಿಟ್ಟ ಪ್ರಶ್ನೆಗಳು

2004ರ ಚಳಿಗಾಲ. ದೆಹಲಿಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತ, ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಚಿಕ್ಕಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ದಿನಾ ಕುಡಿಯುತ್ತಿದ್ದರು, ಆದರೆ ಎಂದೂ ಗಲಾಟೆ ಮಾಡಿದವರಲ್ಲ.

ಒಂದು ಭಾನುವಾರ ಚಿಕ್ಕಮ್ಮ ಬಟಾಣಿ ಸುಲಿಯುತ್ತ ಕೇಳಿದರು: "ನೀನು ಇದನ್ನೇ ಓದ್ತಿದ್ದೀಯಲ್ಲ. ಇವರದ್ದು ಕಾಯಿಲೆನಾ, ಬರೀ ಅಭ್ಯಾಸನಾ, ನೋಡಿ ಹೇಳು."

ನನ್ನ ನೋಟ್ಸ್‌ನಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಕುಡಿತದಿಂದ ಬದುಕಿಗೆ ಆದ ಹಾನಿಯನ್ನು ಕೇಳುವಂಥದ್ದು: ಕೆಲಸ ತಪ್ಪಿದೆಯೇ, ಜಗಳವಾಗಿದೆಯೇ, ಪೊಲೀಸರವರೆಗೆ ಹೋಗಿದೆಯೇ. ಇನ್ನೊಂದು, ದೇಹ ಮದ್ಯಕ್ಕೆ ಒಗ್ಗಿಹೋಗಿದೆಯೇ ಎಂದು ನೋಡುವಂಥದ್ದು: ಮೊದಲಿನಷ್ಟು ಸಾಲುತ್ತಿಲ್ಲವೇ, ಬಿಟ್ಟರೆ ಕೈ ನಡುಗುತ್ತದೆಯೇ, ಬೆಳಿಗ್ಗೆ ಎದ್ದೊಡನೆ ಬೇಕೆನಿಸುತ್ತದೆಯೇ. ಎರಡನ್ನೂ ಕೇಳಬೇಕೆಂದು ನಮ್ಮ ಮೇಡಂ ಹೇಳಿದ್ದರು.

ಮೊದಲ ಪಟ್ಟಿಗೆಲ್ಲ ಚಿಕ್ಕಪ್ಪ ನಗುತ್ತಲೇ "ಇಲ್ಲ" ಎಂದರು. "ಇಪ್ಪತ್ತು ವರ್ಷದಲ್ಲಿ ಒಂದು ದಿನ ಆಫೀಸಿಗೆ ಲೇಟಾಗಿಲ್ಲಮ್ಮ. ಚಲೋ, ಪಾಸಾದ್ನಾ?"

ನನ್ನನ್ನು ಓದಿಸುತ್ತಿದ್ದವರೇ ಅವರು. ಬೆಳಿಗ್ಗೆಯೂ ಕುಡಿಯುತ್ತೀರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಎರಡನೆಯ ಪಟ್ಟಿಯನ್ನು ಮಡಿಸಿಟ್ಟು, "ಕಾಯಿಲೆ ಏನಲ್ಲ ಚಿಕ್ಕಮ್ಮ, ಮನಸ್ಸು ಮಾಡಿದ್ರೆ ಬಿಡಬಹುದು" ಅಂದುಬಿಟ್ಟೆ.

ಚಿಕ್ಕಪ್ಪ ಅದನ್ನೇ ಹಿಡಿದುಕೊಂಡರು. "ನೋಡ್ತಿರಿ, ಇವತ್ತೇ ಬಿಟ್ಟೆ" ಎಂದು ಇದ್ದ ಬಾಟಲಿಯನ್ನು ಸಿಂಕಿಗೆ ಸುರಿದರು. ಮರುದಿನ ಆ ಚಳಿಯಲ್ಲೂ ಬೆವರಿದರು. ಜ್ವರವಿರಬೇಕೆಂದುಕೊಂಡೆವು. ಮೂರನೆಯ ದಿನ ಬೆಳಿಗ್ಗೆ ತಿಂಡಿಗೆ ಕುಳಿತವರು ಮೈ ಸೆಟೆದು ಕೆಳಗೆ ಬಿದ್ದರು. ಫಿಟ್ಸ್. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು.

ಡಾಕ್ಟರ್ ಕೇಳಿದ್ದು ನಾನು ಮಡಿಸಿಟ್ಟ ಪ್ರಶ್ನೆಗಳನ್ನೇ. ಅವರು ಹಿಂದಿಯಲ್ಲಿ ಒಂದೊಂದಾಗಿ ಕೇಳುತ್ತ ಹೋದರು. ಚಿಕ್ಕಮ್ಮ ಒಂದೊಂದಕ್ಕೂ ಹೌದು ಎನ್ನುತ್ತ ಹೋದರು. ಬೆಳಿಗ್ಗೆ ಗಡ್ಡ ಹೆರೆಯುವ ಮೊದಲು ಒಂದಿಷ್ಟು ಕುಡಿಯದಿದ್ದರೆ ಅವರಿಗೆ ರೇಜರ್ ಹಿಡಿಯಲು ಆಗುತ್ತಿರಲಿಲ್ಲವಂತೆ.

"ಇಂಥವರು ಹೀಗೆ ಒಮ್ಮೆಲೇ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ. ಯಾರು ಹೇಳಿದ್ದು?" ಎಂದರು ಡಾಕ್ಟರ್. ಚಿಕ್ಕಮ್ಮ ನನ್ನ ಹೆಸರು ಹೇಳಲಿಲ್ಲ.

ಆಸ್ಪತ್ರೆ ಸೇರಿದ ಐದನೆಯ ದಿನ ಚಿಕ್ಕಪ್ಪ ತೀರಿಕೊಂಡರು.

ಕರ್ಮಾಂತರ ಮುಗಿದ ಮೇಲೆ, ಎರಡನೆಯ ಪಟ್ಟಿಯ ವಿಷಯವನ್ನು ಚಿಕ್ಕಮ್ಮನಿಗೆ ಹೇಳಿದೆ. "ಅವರನ್ನ ಕೇಳಿದ್ರೂ ನಿಜ ಹೇಳ್ತಿರಲಿಲ್ಲ ಬಿಡು" ಎಂದರು. ಒಳಗೆ ಹೋಗಲು ಎದ್ದವರು ಬಾಗಿಲಲ್ಲಿ ನಿಂತು, "ನನ್ನನ್ನ ಕೇಳಬಹುದಿತ್ತು" ಎಂದರು.

ಈಗ ನಾನು ಆಪ್ತಸಮಾಲೋಚಕಿ. ಎರಡೂ ಪಟ್ಟಿ ಕೇಳುತ್ತೇನೆ, ಜೊತೆಗೆ ಬಂದ ಹೆಂಡತಿಯನ್ನೂ ಕೇಳುತ್ತೇನೆ. ಅದರಿಂದ ಮನಸ್ಸು ಹಗುರಾಗಿದೆ ಎಂದು ಹೇಳಲಾರೆ.