ಹಳೇ ಪ್ರತೀಲಿ ಇಲ್ದಿರೋ ಕಥೆ ನಮ್ಮ ಕಾಫಿ ಕಣಕ್ಕೆ ಬಂದಿದ್ದು

ಮೊದ್ಲೇ ಹೇಳ್ಬುಡ್ತೀನಿ. ದೆವ್ವ ಕಂಡೆ, ಪವಾಡ ಆಯ್ತು, ತೀರ್ಕೊಂಡಿರೋ ಅಜ್ಜ ಕನಸಲ್ಲಿ ಬಂದ ಅನ್ನೋರನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ. ಈಗ್ಲೂ ಅಷ್ಟೇನೂ ಆಗಲ್ಲ. ಘಾಟಿ ತಿರುವಲ್ಲಿ ಯಾರೋ ಜೀಪಿಗೆ ಕೈ ಅಡ್ಡ ಹಾಕಿದ್ರು, ತಿರುಗಿ ನೋಡಿದ್ರೆ ಕಾಲೇ ಇರ್ಲಿಲ್ಲ ಅಂತ ವನಗೂರಲ್ಲಿ ಹೇಳದೇ ಇರೋ ಡ್ರೈವರ್ರೇ ಇಲ್ಲ. ಅವತ್ತು ಎಷ್ಟು ಏರ್ಸಿದ್ದೆ ಮಾರಾಯ ಅಂತ ಕೇಳಿ, ಕಥೆ ಅಲ್ಲಿಗೇ ಮುಗೀತದೆ. ಅಂಥ ನಾನೇ ಈಗ ಒಂದು ಹೇಳಕ್ಕೆ ಕೂತಿದೀನಿ. ನಗು ಬಂದ್ರೆ ನಗಿ. ನಿಮ್ಮ ಜಾಗದಲ್ಲಿ ನಾನಿದ್ರೂ ನಗ್ತಿದ್ದೆ.

ನಾನು ಆಲೂರು ಹತ್ರದ ಮಗ್ಗೆ ಕಡೆಯೋನು. ಮನೇಲಿ ದಿನಾ ಶಿವಪೂಜೆ, ಕೊರಳಲ್ಲಿ ಲಿಂಗ. ಬೈಬಲ್ಲಿಗೂ ನಂಗೂ ಇರೋ ಸಂಬಂಧ ಅಂದ್ರೆ ಒಂದು ಅಡಿಟಿಪ್ಪಣಿ ಅಷ್ಟೇ. ಆಲೂರು ಬಸ್‌ಸ್ಟ್ಯಾಂಡಲ್ಲಿ ಯಾರೋ ಪುಕ್ಕಟೆ ಹಂಚ್ತಿದ್ರು, ಬಸ್ಸು ಬರೋ ಥರ ಕಾಣ್ಲಿಲ್ಲ, ಓದಕ್ಕೆ ಕೂತೆ. ಯೋಹಾನನ ಸುವಾರ್ತೇಲಿ ಒಂದು ಕಥೆಗೆ ಮಾತ್ರ ಕಂಸ ಹಾಕಿದ್ರು. ಕೆಳಗೆ ಇರುವೆ ಸಾಲಿನಂಗೆ ಸಣ್ಣಕ್ಷರದಲ್ಲಿ, ಈ ಭಾಗ ತುಂಬಾ ಹಳೇ ಕೈಬರಹದ ಪ್ರತಿಗಳಲ್ಲಿ ಇಲ್ಲ ಅಂತ. ದೇವರ ಪುಸ್ತಕನೇ ತನ್ನ ಹೊಟ್ಟೇಲಿರೋ ಕಥೆ ಮೇಲೆ ಅನುಮಾನ ಪಡ್ತೈತಲ್ಲ ಅಂತ ತಲೆಗೆ ಹತ್ಕೊಂಡ್ಬುಡ್ತು. ಬಸ್ಸು ಬಂದಿದ್ದು ಹೋಗಿದ್ದು ಎರಡೂ ಗೊತ್ತಾಗ್ಲಿಲ್ಲ.

ಆಮೇಲೆ ವನಗೂರಿನಾಚೆ ಒಂದು ಎಸ್ಟೇಟಲ್ಲಿ ಸ್ಟೋರ್ ರೈಟರ್ ಕೆಲ್ಸ ಸಿಕ್ತು, ಅಂದ್ರೆ ಉಗ್ರಾಣದ ಲೆಕ್ಕ ಬರೆಯೋದು. ಎರಡು ಸಾವಿರನೇ ಇಸವಿ ಆಚೀಚೆ, ಸಕಲೇಶಪುರಕ್ಕೆ ಇಂಟರ್ನೆಟ್ ಸೆಂಟರ್ ಹೊಸದಾಗಿ ಬಂದಿದ್ದ ಕಾಲ. ರಜಾ ದಿನ ಜೀಪ್ ಹತ್ತಿ ಅಲ್ಲಿಗೆ ಇಳೀತಿದ್ದೆ. ಪಕ್ಕದ ಗೂಡಲ್ಲಿ ಹುಡುಗ್ರು ಏನೇನೋ ನೋಡೋರು, ನಾನು ಗ್ರೀಕ್ ಕೈಬರಹದ ಫೋಟೋ ನೋಡೋನು. ಆ ಪ್ರತಿಗಳು ಪಾರ್ಚ್‌ಮೆಂಟ್ ಮೇಲವೆ ಅಂತ ಮೊದಲ ಸಲ ಓದ್ದಾಗ ಕಾಫಿ ಬೀಜದ ಮೇಲೆ ಹೆಂಗಪ್ಪಾ ಬರೆದ್ರು ಅಂದ್ಕಂಡೆ. ನಮ್ಗೆ ಪಾರ್ಚ್‌ಮೆಂಟ್ ಅಂದ್ರೆ ಸಿಪ್ಪೆ ತೆಗೆದು ತೊಳೆದ ಕಾಫಿ. ಅವ್ರಿಗೆ ಹದ ಮಾಡಿದ ಚರ್ಮವಂತೆ.

ಆ ಕಂಸದ ಕಥೆ ಇಷ್ಟೇ. ಬೇರೆ ಗಂಡಸಿನ ಜೊತೆ ಸಿಕ್ಕಿಬಿದ್ಲು ಅಂತ ಒಬ್ಬ ಹೆಂಗಸನ್ನ ಊರ ದೊಡ್ಡೋರು ಯೇಸು ಮುಂದೆ ಎಳ್ಕಂಡ್ಬರ್ತಾರೆ, ಕಲ್ಲು ಹೊಡೀಬೇಕು ಅಂತಾರೆ. ಆತ ಬಗ್ಗಿ ನೆಲದ ಮೇಲೆ ಬೆರಳಲ್ಲಿ ಏನೋ ಬರೀತಾನೆ. ತಪ್ಪೇ ಮಾಡದೋನು ಮೊದ್ಲು ಹೊಡೀಲಿ ಅಂತಾನೆ. ದೊಡ್ಡೋರಿಂದ ಹಿಡ್ದು ಒಬ್ಬೊಬ್ರೇ ಜಾಗ ಖಾಲಿ ಮಾಡ್ತಾರೆ, ಆತ ಅವಳನ್ನ ಬಿಟ್ಟು ಕಳಿಸ್ತಾನೆ. ನೆಲದ ಮೇಲೆ ಏನು ಬರೆದ ಅಂತ ಮಾತ್ರ ಎಲ್ಲೂ ಇಲ್ಲ.

ಇದ್ರ ಮೇಲೆ ಪಂಡಿತರ ಜಗಳ ನೋಡ್ಬೇಕು ನೀವು. ಆಮೇಲೆ ಯಾರೋ ಸೇರ್ಸಿದ್ದು ಅಂತ ಒಂದು ಗುಂಪು. ಅಲ್ಲ, ಮೊದಲಿಂದ್ಲೂ ಇತ್ತು, ಹೆಂಗಸರಿಗೆ ಸದರ ಆಗ್ತದೆ ಅಂತ ಕಟ್ಟುನಿಟ್ಟಿನೋರೇ ಕಿತ್ತಾಕಿದ್ರು ಅಂತ ಇನ್ನೊಂದು. ಎರಡು ಕಡೆಯೋರೂ ಸಂತೇಲಿ ಸೊಪ್ಪಿಗೆ ಕಿತ್ತಾಡೋರಿಗಿಂತ ಕಡೆ. ನಾನು ಹಳೇ ಪ್ರತಿ ಕಡೆ. ಹಳೇ ಸಾಕ್ಷಿ ಇಲ್ವಾ, ತೆಗೆದಾಕು. ಮುಗೀತು.

ಎಸ್ಟೇಟಿನ ಕೂಲಿಯೋರಿರೋ ಲೈನ್‌ ಮನೆಗಳ ಪಕ್ಕ ಕ್ರೈಸ್ತರ ಒಂದು ಸಣ್ಣ ಪ್ರಾರ್ಥನೆ ಮನೆ ಇತ್ತು. ಅಲ್ಲಿ ಸೇರೋ ಸಭೆಗೆ ಹಿರಿಯ ಸಾಮುವೇಲ್ ಮೇಸ್ತ್ರಿ. ಆಳುಗಳಿಗೆ ಕೆಲ್ಸ ಹಂಚೋದು, ಲೈನಲ್ಲಿ ಮನೆ ಕೊಡೋದು ಬಿಡ್ಸೋದು ಎಲ್ಲ ಅವನ ಕೈಲೇ. ನಂಗೋ ತಿಳ್ಕಂಡಿದ್ದನ್ನ ಯಾರಿಗಾದ್ರೂ ಹೇಳದೇ ಇದ್ರೆ ಅನ್ನ ಇಳಿಯಲ್ಲ. ಅವನಿಗೆ ಹೇಳಿದೆ. ಕೆಂಡ ಆದ. “ರೈಟ್ರೇ, ದೇವ್ರ ವಾಕ್ಯದಲ್ಲಿ ಒಂದು ಚುಕ್ಕೆನೂ ಸುಳ್ಳಲ್ಲ. ನೀವು ಗೊಬ್ಬರದ ಚೀಲ ಎಣಿಸ್ಕಂಡಿರಿ,” ಅಂದ.

ಅದೇ ಮನುಷ್ಯ ಆ ವರ್ಷದ ಕುಯ್ಲಿನ ಹೊತ್ಗೆ ದೊಡ್ಡ ಪಂಡಿತ ಆಗ್ಬುಟ್ಟ. ಯಾಕೆ ಗೊತ್ತಾ? ಎಸ್ತೇರಮ್ಮ. ಕಣದಲ್ಲಿ ಕಾಫಿ ಒಣಗ್ಸೋ ಕೆಲ್ಸ ಅವಳದ್ದು. ಗಂಡ ಯಾವತ್ತೋ ಕೊಡಗಿಗೆ ಕೂಲಿಗೆ ಹೋದೋನು ವಾಪಸ್ ಬಂದಿರ್ಲಿಲ್ಲ. ಜೀಪ್ ಓಡ್ಸೋ ಒಬ್ಬ ಅವಳ ಮನೆಗೆ ಬಂದೋಗಿ ಮಾಡ್ತಾನೆ ಅಂತ ಸುದ್ದಿ ಆಯ್ತು. ಸಭೆಯಿಂದ ಹೊರಗಾಕ್ಬೇಕು, ಲೈನ್ ಮನೇನೂ ಬಿಡ್ಸ್ಬೇಕು ಅಂತ ಮೇಸ್ತ್ರಿ ಹೊರಟ. ಮನೆ ಹೋದ್ರೆ ಕೆಲ್ಸನೂ ಹೋಯ್ತು, ಅವಳು ಮಗು ಕಟ್ಕಂಡು ಬೀದೀಲೇ. ಅವಳು ಒಂದೇ ಮಾತು ಕೇಳಿದ್ಲು: “ಯೇಸು ಸ್ವಾಮಿ ಆ ಹೆಂಗಸನ್ನ ಬುಟ್ಟು ಕಳಿಸ್ಲಿಲ್ವಾ ಮೇಸ್ತ್ರಣ್ಣ?” ಅದಕ್ಕೆ ಇವನ ಉತ್ತರ, ಆ ಕಥೆ ಹಳೇ ಪ್ರತೀಲಿ ಇಲ್ಲ ಕಣಮ್ಮ, ಬೇಕಾದ್ರೆ ರೈಟರ್‌ನ ಕೇಳು.

ನ್ಯಾಯ ಅಂತ ಸೇರಿದ್ದು ಕಾಫಿ ಕಣದ ಅಂಚಿಗೆ, ಸಾಯಂಕಾಲದ ಬಿಸಿಲು ಇಳಿಯೋ ಹೊತ್ಗೆ. ಒಣಗೋ ಕಾಲದಲ್ಲಿ ಕಣ ಬುಟ್ಟು ಎಲ್ಲಿಗೂ ಹೋಗಂಗಿಲ್ವಲ್ಲ. ಸಿಮೆಂಟ್ ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು, ಎಸ್ತೇರಮ್ಮ ಆಗಷ್ಟೇ ಹಲಗೆ ಎಳೆದು ಮುಗ್ಸಿದ್ಲು. ನೋಡದೇ ಇರೋರಿಗೆ ಹೇಳ್ತೀನಿ: ಉದ್ದ ಹಿಡಿ ಇರೋ ಮರದ ಹಲಗೆ ಅದು, ಎಳೆಯೋರು ಹಿಂದಕ್ಕೆ ನಡೀತಾ ತಮ್ಮ ಹೆಜ್ಜೆ ತಾವೇ ಅಳಿಸ್ಕಂಡು ಬರ್ತಾರೆ. ಎಳೆದ ಮೇಲೆ ಕೋಳಿ ಕಾಲಿಟ್ರೂ ಗುರುತು ಬೀಳ್ತದೆ. ಮೇಸ್ತ್ರಿ ಆ ಹಲಗೆ ಅವಳ ಕೈಯಿಂದ ಕಿತ್ಕಂಡು ನನ್ನ ಕೈಗೆ ಕೊಟ್ಟ. “ನ್ಯಾಯ ಮುಗಿಯೋಗಂಟ ಕಾಫಿ ಮುಟ್ಬ್ಯಾಡ ನೀನು.” ಅವಳನ್ನ ಕಣದ ಆಚೆ ದಡದಲ್ಲಿ ನಿಲ್ಸಿದ. ನಾವು ಈಚೆ ಕಟ್ಟೆ ಮೇಲೆ, ಸಭೆಯ ಗಂಡಸರೆಲ್ಲ ಸಾಲಾಗಿ, ಸಾಕ್ಷಿಗೆ ಅಂತ ಕರೆಸಿದ್ದ ನಾನೂ ಸೇರಿ. ಎಲ್ಲರಿಗಿಂತ ವಯಸ್ಸಾದೋನು ಮೇಸ್ತ್ರೀನೇ, ಎಲ್ಲರಿಗಿಂತ ಸಣ್ಣೋನು ನಾನು.

“ಹೇಳಿ ರೈಟ್ರೇ, ಐತಾ ಇಲ್ವಾ?”

“ಹಳೇವ್ರಲ್ಲಿ ಇಲ್ಲ,” ಅಂದೆ. ನಿಜ ಅದು, ಇವತ್ತು ಕೇಳಿದ್ರೂ ಅದೇ ಹೇಳ್ತೀನಿ. “ಆದ್ರೆ ಮೇಸ್ತ್ರಿ, ಹಾವು ಹಿಡಿದ್ರೂ ಏನಾಗಲ್ಲ ಅಂತ ಮಾರ್ಕನ ಕೊನೇಲಿ ಬರ್ತದಲ್ಲ, ಪ್ರತಿ ವರ್ಷ ಕುಯ್ಲಿಗೆ ಮುಂಚೆ ನೀವು ಪ್ರಸಂಗ ಮಾಡೋದು, ಅದೂ ಹಳೇವ್ರಲ್ಲಿ ಇಲ್ಲ. ಇದು ತೆಗೆದ್ರೆ ಅದೂ ತೆಗೀಬೇಕು.”

ಯಾರೋ ಕಿಸಕ್ ಅಂದ್ರು. “ಅದು ಬ್ಯಾರೆ ವಿಷ್ಯ,” ಅಂದ ಮೇಸ್ತ್ರಿ. ಹೆಂಗಸನ್ನ ಓಡ್ಸಕ್ಕೆ ಎಷ್ಟು ಬೇಕೋ ಅಷ್ಟೇ ಓದು ಅವನದ್ದು.

ಅಷ್ಟ್ರಲ್ಲಿ ಕಣಿವೆಯಿಂದ ಮಂಜು ಎದ್ದು ಬಂತು. ನಮ್ಮಲ್ಲಿ ಅದೇನು ದೊಡ್ಡ ವಿಷ್ಯ ಅಲ್ಲ, ಹಿಂಗೆ ಬಂದು ಹಂಗೆ ಹೋಗ್ತದೆ. ಆಚೆ ದಡದ ಎಸ್ತೇರಮ್ಮ ಕಾಣ್ದಂಗಾದ್ಲು. “ಕಾಫಿ ತೇವ ಆಗ್ತದೆ, ಗುಡ್ಡೆ ಮಾಡ್ತೀನಿ,” ಅಂತ ಅವಳ ದನಿ ಬಂತು. “ನಿಂತಲ್ಲೇ ನಿಂತಿರು,” ಅಂದ ಮೇಸ್ತ್ರಿ. ನಮ್ಮ ಸಾಲಿಂದ ಯಾರೂ ಎದ್ದಿಲ್ಲ. ಕಟ್ಟೆ ಮೇಲೆ ಒಬ್ಬರ ತೊಡೆ ಒಬ್ಬರಿಗೆ ತಾಗ್ತಿತ್ತು, ಎದ್ದಿದ್ರೆ ಗೊತ್ತಾಗ್ತಿತ್ತು. ಹಲಗೆ ನನ್ನ ಕೈಲೇ ಇತ್ತು.

ಮಂಜು ಹರೀತು. ಕಣದ ನಟ್ಟನಡುವೆ ಕಾಫಿ ಸರಿದು, ಕೆಳಗಿನ ಸಿಮೆಂಟ್ ಕಾಣೋಂಗೆ ಗೀಟುಗಳು ಬಿದ್ದಿದ್ವು. ಬೆರಳಗಲದ ಗೀಟು, ಸಾಲು ಸಾಲು. ಅಲ್ಲಿಗೆ ಹೋಗಿರೋ ಹೆಜ್ಜೆ ಇಲ್ಲ, ಬಂದಿರೋ ಹೆಜ್ಜೆ ಇಲ್ಲ. ಎಸ್ತೇರಮ್ಮ ಆಚೆ ಕಡೆ ಸೆರಗು ಹಿಡ್ಕಂಡು ನಿಂತಲ್ಲೇ ನಿಂತಿದ್ಲು.

ಮೇಸ್ತ್ರಿ ಎದ್ದು ಅಂಚಿಗೋಗಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಹೆಗಲ ಟವಲ್ ತಗೊಂಡು ಮುಖ ಒರೆಸ್ಕಂಡು ಲೈನ್ ಕಡೆ ಹೊಂಟೋದ. ಅವನ ಪಕ್ಕದೋನು ಎದ್ದ, ನೋಡಿದ, ಹೋದ. ಅವನ ಪಕ್ಕದೋನೂ ಅಷ್ಟೇ. ಕಟ್ಟೆ ಮೇಲೆ ವಯಸ್ಸಿನ ಪ್ರಕಾರ ಕೂತಿದ್ರು, ಹಂಗೇ ಖಾಲಿ ಆಯ್ತು. ಕೊನೆಗೆ ಉಳಿದಿದ್ದು ನಾನೊಬ್ನೇ.

ನಾನೂ ನೋಡಿದೆ. ಕನ್ನಡ ಅಲ್ಲ, ತಮಿಳಲ್ಲ, ಇಂಗ್ಲಿಷಲ್ಲ. ಅಷ್ಟೊಂದು ಗ್ರೀಕ್ ಫೋಟೋ ನೋಡಿದ್ನಲ್ಲ, ಗ್ರೀಕೂ ಅಲ್ಲ. ಅಕ್ಷರ ಅಂತ ಮಾತ್ರ ಅನ್ನಿಸ್ತು. ಕಣ್ಣು ಇನ್ನೊಂಚೂರು ಕಿರಿದು ಮಾಡಿದ್ರೆ ಓದಕ್ಕೆ ಬರ್ತದೇನೋ ಅನ್ನೋ ಥರ. ಬರ್ಕೊಳಣ ಅಂತ ಜೇಬಿಗೆ ಕೈ ಹಾಕ್ತಿದ್ದೆ, ಎಸ್ತೇರಮ್ಮ ಸುತ್ತು ಹಾಕ್ಕಂಡು ಬಂದೋಳು ನನ್ನ ಕೈಯಿಂದ ಹಲಗೆ ತಗೊಂಡ್ಲು.

“ತಡಿ ಎಸ್ತೇರಮ್ಮ, ಒಂದು ನಿಮಿಷ ತಡಿ.”

“ಏನ್ ತಡಿಯೋದು ರೈಟ್ರೇ? ಕಾಫಿ ಮುಗ್ಗಿದ್ರೆ ಸಾವ್ಕಾರ್ರು ನಿಮ್ಮುನ್ನ ಬೈತಾರಾ, ನನ್ನುನ್ನ ಬೈತಾರಾ?” ಅಂತ ನಡುವೆ ಒಂದೇ ಎಳೆತ ಎಳೆದ್ಲು. ಜನ್ಮದಲ್ಲಿ ನಾನು ಕಣ್ಣಾರೆ ಕಂಡಿದ್ದ ಒಂದೇ ಒಂದು ಮೂಲ ಪ್ರತಿ ಗುಡ್ಡೆ ಆಯ್ತು, ಮೇಲೆ ಟಾರ್ಪಾಲ್ ಬಿತ್ತು.

ಅವಳ ಮನೆ ಬಿಡ್ಸೋ ಮಾತು ಅಲ್ಲಿಗೇ ನಿಂತೋಯ್ತು. ಯಾಕೆ ನಿಲ್ಸಿದ ಅಂತ ಮೇಸ್ತ್ರಿ ಯಾರಿಗೂ ಹೇಳ್ಲಿಲ್ಲ. ನಾನು ಬಿಡ್ತೀನಾ, ಹಿಂದೆ ಬಿದ್ದೆ. “ಕೋಳಿ ಕೆದಕಿತ್ತು ಕಣ್ರೀ,” ಅಂದ. ಕೋಳಿ ಕೆದಕಿದ್ದಕ್ಕೆ ನ್ಯಾಯ ಬುಟ್ಟು ಎದ್ದೋದ್ರಾ ಅಂದ್ರೆ, “ಮೂತ್ರಕ್ಕೆ ಹೋದೆ” ಅಂದ. ಇನ್ನೊಬ್ಬ ಗೀಟೇ ಇರ್ಲಿಲ್ಲ ಅಂದ. ಮತ್ತೊಬ್ಬ ಇದ್ವು, ಆದ್ರೆ ನಡುವೆ ಅಲ್ಲ, ಮೂಲೇಲಿ ಅಂದ. ಇನ್ನೊಬ್ಬನಿಗೆ ಅವತ್ತು ಮಂಜೇ ಬಂದಿರ್ಲಿಲ್ವಂತೆ. ಒಂದು ಕಟ್ಟೆ ಮೇಲೆ ತೊಡೆಗೆ ತೊಡೆ ತಾಗ್ಸಿ ಕೂತಿದ್ದ ಜನ ಇವ್ರು. ಇಂಥೋರ ಮಾತು ನಂಬ್ಕಂಡು ಜಗತ್ತು ಎರಡು ಸಾವಿರ ವರ್ಷದಿಂದ ಕಿತ್ತಾಡ್ತೈತೆ.

ಏನು ಬರೆದಿತ್ತು ಅಂತ ಎಸ್ತೇರಮ್ಮನ್ನೂ ಕೇಳ್ದೆ, ಆ ಎಸ್ಟೇಟ್ ಬಿಡೋ ಮುಂಚೆ. ಬೀಜ ಆರಿಸ್ತಾ ಕೂತಿದ್ಲು, ತಲೆ ಎತ್ಲಿಲ್ಲ.

“ನಾನೆಲ್ಲಿ ನೋಡಿದ್ನಪ್ಪ. ನಾನು ಅವ್ರ ಮುಖಾನೇ ನೋಡ್ತಿದ್ದೆ.” ಅವ್ರು ಅಂದ್ರೆ ಎದ್ದೋದ ಗಂಡಸರೋ, ಬರೆದೋರೋ, ಇವತ್ತಿಗೂ ನಂಗೆ ಗೊತ್ತಿಲ್ಲ.

ಈಗ ನನ್ನ ಲೆಕ್ಕದ ಪ್ರಕಾರನೇ ಹೇಳಿ. ಮೂಲ ಇಲ್ಲ, ಒಬ್ಬರ ಸಾಕ್ಷಿ ಇನ್ನೊಬ್ಬರಿಗೆ ಹೊಂದಲ್ಲ, ಬರೆದಿರೋದು ವರ್ಷಗಳಾದ ಮೇಲೆ. ತೆಗೆದಾಕ್ಬೇಕು. ಬೇರೆಯೋರು ಹೇಳಿದ್ರೆ ಎರಡನೇ ಮಾತಿಲ್ದೆ ತೆಗೆದಾಕ್ತಿದ್ದೆ. ಆದ್ರೆ ಹೆಜ್ಜೆ ಅಳಿಸೋ ಹಲಗೆ ನನ್ನ ಕೈಲಿತ್ತು ಕಣ್ರೀ. ಕೆಳಗೆ ಅಡಿಟಿಪ್ಪಣಿ ಹಾಕಣ ಅಂತ ಇಷ್ಟೊತ್ತಿಂದ ಕೂತಿದೀನಿ, ಏನಂತ ಹಾಕೋದು ಅಂತ ಗೊತ್ತಾಗ್ತಿಲ್ಲ.