ಪಾನಕದ ಬಾಟಲಿ

ನಮ್ಮ ಅಕ್ಕನ ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಯಾರ ಮನೆಯಲ್ಲಿ ಯಾವ ಸಾರು ಎಂಬುದನ್ನೂ ಬೀದಿಗೆಲ್ಲ ಸಾರುವವಳು. ಬಾಯಿ ಬಿಡಲೇಬೇಕಾಗಿದ್ದ ದಿನ ಮಾತ್ರ ಬೀಗ ಹಾಕಿಕೊಂಡಳು.

ಭೀಮನಬೀಡಿನ ಅವಳ ಮನೆಯಲ್ಲಿ ಮಹಿಳಾ ಸಂಘದವರು ಪಾತ್ರೆ ತೊಳೆಯುವ ಸೋಪು ಮಾಡುತ್ತಿದ್ದರು. ಅದಕ್ಕೆ ಕಾಸ್ಟಿಕ್ ಸೋಡಾವನ್ನು ನೀರಲ್ಲಿ ಕರಗಿಸಬೇಕು. ಉಳಿದ ನೀರನ್ನು ಅಕ್ಕ ಕೈಗೆ ಸಿಕ್ಕ ಬಾಟಲಿಗೆ ತುಂಬಿ ಹಿತ್ತಲ ಕಟ್ಟೆಯ ಮೇಲಿಟ್ಟಳು. ಹಿಂದಿನ ದಿನ ರಾಮನವಮಿ. ದೇವಸ್ಥಾನದಿಂದ ಪಾನಕ ತಂದದ್ದು ಅದೇ ಬಾಟಲಿಯಲ್ಲಿ. ನನ್ನ ಮಗಳು ಅದರಿಂದಲೇ ಕುಡಿದು, ಇನ್ನೂ ಬೇಕೆಂದು ಹಟ ಮಾಡಿದ್ದಳು. ಬಣ್ಣ ನೋಡಿ ಕುಡಿಯುವ ವಯಸ್ಸೇ ಅದು?

ನಾನು ಮಗುವನ್ನು ಅಕ್ಕನ ಬಳಿ ಬಿಟ್ಟು ಗುಂಡ್ಲುಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಬಂದಿದ್ದೆ. ಅಕ್ಕನ ಫೋನ್ ಬಂತು. "ಕೂಸು ಸೋಪ್ ನೀರು ಕುಡುದ್ಬುಡ್ತು ಕಣಮ್ಮಿ, ಆಸ್ಪತ್ರೆಗ್ ಕರ್ಕೊಂಡ್ ಬತ್ತಾ ಇವ್ನಿ."

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನು ಕುಡಿದದ್ದು? ಬಾಟಲಿ ತಂದಿದ್ದೀರಾ? ವಾಂತಿ ಮಾಡಿಸಿದಿರಾ?"

"ಸೋಪ್ ನೀರು ಸಾ, ಒಂದ್ ಗುಟುಕು. ಬಾಟ್ಲಿ ಬಿಸಾಕ್ಬುಟ್ಟೆ. ವಾಂತಿಗೀಂತಿ ಏನಿಲ್ಲ."

ಎಷ್ಟು ನಯವಾಗಿ ಹೇಳಿದಳು, ಪುಣ್ಯಾತ್ಗಿತ್ತಿ! ಬಾಯೊಳಗೆ ಗಾಯ ಕಾಣಲಿಲ್ಲ. ಸಂಜೆಯವರೆಗೆ ಇಟ್ಟುಕೊಂಡು ಮನೆಗೆ ಕಳಿಸಿದರು. ನಾನೂ ನಂಬಿದೆ. ಒಡಹುಟ್ಟಿದವಳನ್ನು ನಂಬದೆ ಇನ್ನಾರನ್ನು ನಂಬಲಿ?

ಬೆಳಗಾದಾಗ ಮಗು ಎಂಜಲನ್ನೂ ನುಂಗಲಾರದೆ ಸುರಿಸುತ್ತಿತ್ತು. ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಓಡಿದೆವು. ಗಂಟಲೊಳಗೆ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ, "ಅನ್ನನಾಳ ಸುಟ್ಟಿದೆ. ಇದು ಬರೀ ಸೋಪಿನ ನೀರಲ್ಲ, ನಿಜ ಹೇಳಿ" ಎಂದರು.

ಅಕ್ಕ ಆಗ ಬಾಯಿ ಬಿಟ್ಟಳು. "ಕಾಸ್ಟಿಕ್ಕು ಕಣಮ್ಮಿ. ಉಪ್ಪುನೀರ್ ಕುಡ್ಸಿ ವಾಂತಿ ಮಾಡುಸ್ದೆ. ಯೋಳುದ್ರೆ ಸಂಘ ಮುಚ್ಚುಸ್ಬುಡ್ತಾರೆ ಅಂತ ಎದ್ರುಕೊಂಡೆ."

ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗಲೂ ಸುಟ್ಟಿತ್ತು. ಉಪ್ಪುನೀರಿಗೆ ನನಗೆ ಸಿಟ್ಟಿಲ್ಲ. ನಮ್ಮ ಕಡೆ ಯಾರು ಏನು ಕುಡಿದರೂ ಮೊದಲು ಕೊಡುವುದೇ ಅದನ್ನು. ಆದರೆ ಡಾಕ್ಟರ ಎದುರು ನನ್ನ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡೇ ಸುಳ್ಳು ಹೇಳಿದಳಲ್ಲ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಸುಟ್ಟ ಜಾಗ ಈಗ ಕಿರಿದಾಗಿದೆ. ಆಗಾಗ ಮಗುವಿಗೆ ಮತ್ತಿನ ಔಷಧಿ ಕೊಟ್ಟು ಅದನ್ನು ಹಿಗ್ಗಿಸುತ್ತಾರೆ. ಮುದ್ದೆ ಇಳಿಯದು, ಗಂಜಿಯೇ ಗತಿ. ಅಕ್ಕ ಬಾಗಿಲಿಗೆ ಬಂದು ಅಳುತ್ತಾಳೆ, ನಾನು ಮಾತಾಡಿಸುವುದಿಲ್ಲ. "ಒಟ್ಟೆಗಾಕೋ ಕಣಮ್ಮಿ" ಎನ್ನುತ್ತಾಳೆ ನಮ್ಮವ್ವ. ನನ್ನ ಮಗಳ ಹೊಟ್ಟೆಗೆ ಒಂದು ತುತ್ತು ಇಳಿಯಲಿ, ಆಮೇಲೆ ನೋಡೋಣ.

ಮೊನ್ನೆ ಮಗಳಿಗೆ ಲೋಟದಲ್ಲಿ ನೀರು ಕೊಟ್ಟೆ. ಕೈ ಚಾಚಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಮೊದ್ಲು ನೀನ್ ಕುಡಿ, ಅವ್ವ" ಎಂದಳು.

ಕುಡಿದು ತೋರಿಸಿದೆ.