ನೂರ ಹನ್ನೆರಡನೇ ಪುಟದ ಪ್ರಶ್ನೆ ನಳಿನಾಕ್ಷಿಯವರದು

ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಕನ್ನಡ ಸಂಘದ ಹಾಲಿಗೆ ಹದಿನಾರು ವರ್ಷ ಬೀಗ ತೆಗೆದವರು ನಳಿನಾಕ್ಷಿ. ಸಂಘದ ಸ್ಮರಣ ಸಂಚಿಕೆಯಲ್ಲಿ ಅಧ್ಯಕ್ಷರ ಫೋಟೊ ಇದೆ, ಅವರ ಹಿಂದಿನ ಅಧ್ಯಕ್ಷರ ಫೋಟೊ ಇದೆ, ಪುಟದ ತುಂಬ ಹೋಟೆಲುಗಳ ಜಾಹೀರಾತು ಇದೆ. ನಳಿನಾಕ್ಷಿಯವರು ಇರುವುದು ಕೊನೆಯ ಪುಟದ ‘ಸಹಕರಿಸಿದವರು’ ಎಂಬ ಪಟ್ಟಿಯಲ್ಲಿ, ಮಂಟಪ ಅಲಂಕರಿಸಿದವರ ಕೆಳಗೆ. ಅಕ್ಷರ ಎಷ್ಟು ಸಣ್ಣದೆಂದರೆ ಆ ಹೆಸರು ಹುಡುಕಲು ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಇಷ್ಟಕ್ಕೇ ಸಂಘವನ್ನು ನಾಲ್ಕು ಬೈದು ಬರಹ ಮುಗಿಸಬಹುದಿತ್ತು. ಇಷ್ಟು ವರ್ಷ ಈ ಅಂಕಣದಲ್ಲಿ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಈ ವಾರ ಬೈಸಿಕೊಳ್ಳಬೇಕಾದವನು ಬೇರೆ.

ಅವರು ಕಟಪಾಡಿಯವರು. 1981ರಲ್ಲಿ, ಹದಿನೆಂಟರ ವಯಸ್ಸಿಗೆ, ಶೇಖರರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಶೇಖರ ಅಂಬರನಾಥದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಬೆಳಗಿನ ಲೋಕಲ್ ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮರಾಠಿಯೂ ಹಿಂದಿಯೂ ಬಾರದ ಹುಡುಗಿಗೆ ಚಾಳಿನ ಒಂದು ಕೋಣೆಯಲ್ಲಿ ಜೊತೆಯಾದದ್ದು ಗುರುವಪ್ಪನವರ ಪುಸ್ತಕ. ಧಾರವಾಡದ ಕಡೆಯ ಈ ಗುರುವಪ್ಪ ಎರಡು ಕೈಚೀಲಗಳಲ್ಲಿ ಹಳೆಯ ಕನ್ನಡ ಕಾದಂಬರಿ ಹೊತ್ತು, ವಾರದ ಬಾಡಿಗೆಗೆ ಓದಲು ಕೊಡಲು, ಬುಧವಾರ ಬುಧವಾರ ಮನೆಮನೆಗೆ ಬರುತ್ತಿದ್ದರು. ಓದಿದ ಪುಸ್ತಕವೇ ಮತ್ತೆ ಕೈಗೆ ಬರಬಾರದೆಂದು ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದರು. ಓದಿ ಮುಗಿಸಿದ ಮೇಲೆ ನಲವತ್ತೊಂದನೇ ಪುಟದ ಮೂಲೆಯಲ್ಲಿ ತಂತಮ್ಮ ಗುರುತು ಹಾಕುವುದು. ಒಬ್ಬರದು ನಕ್ಷತ್ರ, ಇನ್ನೊಬ್ಬರದು ಎರಡು ಚುಕ್ಕೆ. ನಳಿನಾಕ್ಷಿಯವರದು ಒಂದು ಪುಟ್ಟ ಕೊಡಪಾನ. ಗುರುವಪ್ಪ ಬಾಗಿಲಲ್ಲಿ ನಿಂತು ಪುಸ್ತಕ ಚಾಚಿದರೆ ಇವರು ಮೊದಲು ಬಿಡಿಸುವುದು ನಲವತ್ತೊಂದು.

ಗುರುತು ಎಲ್ಲರೂ ಹಾಕುತ್ತಿದ್ದರು. ಇವರು ಅಲ್ಲಿಗೇ ನಿಲ್ಲಿಸದೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕಥೆಯ ಜೊತೆ ವಾದಕ್ಕಿಳಿಯುತ್ತಿದ್ದರು. ಮನೆಮನೆಗೆ ಟೀವಿ ಬಂದು ಓದುವವರು ಕಡಿಮೆಯಾಗಿ ಗುರುವಪ್ಪ ಊರಿಗೆ ಹೊರಟಾಗ, ಹಳೆಯ ಓದುಗರಿಗೆ ನಾಲ್ಕು ನಾಲ್ಕು ಪುಸ್ತಕ ಹಂಚಿದರು. ನಳಿನಾಕ್ಷಿ ತಮ್ಮ ಪೆನ್ಸಿಲ್ ಹೆಚ್ಚು ಓಡಿದ್ದ ನಾಲ್ಕನ್ನು ಆರಿಸಿಕೊಂಡರು.

ಇನ್ನು ನಾನು. ಏಳನೆಯಲ್ಲಿ ಶಾಲೆ ಬಿಟ್ಟು ವಾಶಿಯ ಹೋಟೆಲಿನಲ್ಲಿ ಟೇಬಲ್ ಒರೆಸಿದವನು; ಪಾರ್ಸೆಲ್ ಕಟ್ಟುವ ಪೇಪರುಗಳನ್ನು ಓದಿ ಬರೆಯಲು ಕಲಿತವನು. ಬೇರೆಯವರ ದುಡಿಮೆಯ ಮೇಲೆ ತಮ್ಮ ಹೆಸರು ಹಾಕಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ ಎಂದು ಈ ಪತ್ರಿಕೆಯಲ್ಲೇ ಎಷ್ಟು ಸಲ ಬರೆದಿಲ್ಲ!

2009ರಲ್ಲಿ ನಾವು ಏಳೆಂಟು ಮಂದಿ ಸಂಘದ ಹಾಲಿನಲ್ಲಿ ಓದುಗರ ಕೂಟ ಶುರುಮಾಡಿದೆವು. ತಿಂಗಳ ಎರಡನೇ ಭಾನುವಾರ, ನಾಲ್ಕು ಗಂಟೆಗೆ. ನಿಯಮ ಬರೆದವನು ನಾನೇ: ಕಥೆ ಹೇಳಿ ಹೊತ್ತು ಕಳೆಯುವಂತಿಲ್ಲ, ಇದುವರೆಗೆ ಯಾರೂ ಕೇಳದ ಒಂದು ಪ್ರಶ್ನೆಯನ್ನಾದರೂ ಪುಸ್ತಕಕ್ಕೆ ಕೇಳಬೇಕು. ನಳಿನಾಕ್ಷಿ ಕುರ್ಚಿ ಹಾಕುತ್ತಿದ್ದರು, ಚಹಾ ಮಾಡುತ್ತಿದ್ದರು. ನಮ್ಮ ಸದಸ್ಯರ ಬರಹ ಎಲ್ಲಿ ಅಚ್ಚಾದರೂ ಕತ್ತರಿಸಿ ಹೊರಗಿನ ನೋಟಿಸ್ ಬೋರ್ಡಿಗೆ ಅಂಟಿಸುವುದೂ ಅವರ ಕೆಲಸವೇ ಆಗಿತ್ತು.

2011ರಲ್ಲಿ ಕೂಟ ಹಳೆಯ ಐತಿಹಾಸಿಕ ಪ್ರೇಮ ಕಾದಂಬರಿಗಳನ್ನು ಎತ್ತಿಕೊಂಡಿತು. ಕೋಟೆ, ಬೆಳದಿಂಗಳು, ಹೊತ್ತೊಯ್ದ ರಾಜಕುಮಾರಿ. ನಮ್ಮ ತಾಯಂದಿರು ಕಣ್ಣೀರು ಹಾಕಿ ಓದಿದ್ದನ್ನು ನಾವು ಚಹಾ ಕುಡಿಯುತ್ತ ಹರಿದು ಹಾಕುತ್ತಿದ್ದೆವು. ಈ ಕಾದಂಬರಿಗಳಲ್ಲಿ ಕುದುರೆಗೆ ಹುಲ್ಲು ಬೇಡ, ನಾಯಕಿಗೆ ಬುದ್ಧಿ ಬೇಡ ಎಂದು ನಾನು ಹೇಳಿದ್ದಕ್ಕೆ ಹಾಲ್ ನಕ್ಕಿತ್ತು. ನಳಿನಾಕ್ಷಿ ಒಳಬಾಗಿಲಲ್ಲಿ ಚಹಾದ ಜರಡಿ ಹಿಡಿದು ನಿಂತು ಕೇಳುತ್ತಿದ್ದರು, ನಗುತ್ತಿರಲಿಲ್ಲ.

ಸೆಪ್ಟೆಂಬರಿನ ಕೂಟ ಮುಗಿದಾಗ ಹತ್ತಿರ ಬಂದರು.

“ಜಯಶೀಲಣ್ಣ, ನನಗೂ ಒಂದು ಭಾನುವಾರ ಕೊಡ್ತೀರಾ?”

ಪಕ್ಕದಲ್ಲಿ ಪುಂಡರೀಕಾಕ್ಷರಿದ್ದರು; ಬ್ಯಾಂಕಿನಿಂದ ನಿವೃತ್ತರಾದ ಉಡುಪಿಯವರು, ಕೂಟದ ಹಿರಿಯರು. “ಭಾನುವಾರವೆಲ್ಲ ನಿಮ್ಮದೇ ಅಲ್ವಾ ನಳಿನಕ್ಕ, ಚಹಾ ಯಾರು ಮಾಡುದು?” ಎಂದರು.

“ಆ ದಿನ ಚಹಾ ನೀವು ಮಾಡಿ. ನಾನು ಪುಸ್ತಕದ್ದು ಮಾತಾಡ್ತೇನೆ.”

“ಅಬ್ಬ! ಸಕ್ಕರೆ ಎಷ್ಟು ಹಾಕ್ಬೇಕು ಅಂತ ಬರೆದು ಕೊಡಿ ಹಾಗಾದ್ರೆ.”

ನಳಿನಾಕ್ಷಿ ನನ್ನ ಕಡೆ ತಿರುಗಿದರು. “ತಮಾಷೆ ಅಲ್ಲ. ಏಳನೇ ಕ್ಲಾಸಿನಲ್ಲಿ ಪದ್ಯ ಹೇಳ್ಲಿಕ್ಕೆ ಎದ್ದು ನಿಂತದ್ದು, ಮತ್ತೆ ನಾಲ್ಕು ಜನರ ಎದುರು ನನ್ನದು ಅಂತ ಒಂದು ಮಾತು ಆಡಿದ್ದಿಲ್ಲ. ಒಂದು ಸಲ ಆಡ್ಬೇಕು.”

ನವೆಂಬರಿನ ಭಾನುವಾರ ಅವರಿಗೆ ಎಂದು ಗೊತ್ತುಮಾಡಿದೆ. ಯಾವ ಪುಸ್ತಕವೆಂದು ಕೇಳಿದ್ದಕ್ಕೆ ಮರುದಿನವೇ ತಂದುಕೊಟ್ಟರು: ‘ಕಾವಲುಗೋಪುರದ ಕನ್ಯೆ’. ರಟ್ಟು ಹರಿದು ಬರೆದವರ ಹೆಸರೂ ಹೋಗಿತ್ತು. ಕೂಟಕ್ಕೆ ತಕ್ಕುದೋ ಅಲ್ಲವೋ ನೋಡಿ ಕೊಡುತ್ತೇನೆ ಎಂದು ನಾನು ಚೀಲಕ್ಕೆ ಹಾಕಿಕೊಂಡೆ. ಬೇರೆ ಯಾವ ಸದಸ್ಯನ ಪುಸ್ತಕವನ್ನೂ ನಾನು ಹಾಗೆ ತನಿಖೆ ಮಾಡಿದ್ದಿಲ್ಲ.

ಕಥೆ ಇಷ್ಟು. ಯುವ ನಾಯಕನೊಬ್ಬ ಶತ್ರುವಿನ ಮಗಳನ್ನು ಹೊತ್ತು ತಂದು ಗೋಪುರದಲ್ಲಿ ಮೂರು ತಿಂಗಳು ಇಡುತ್ತಾನೆ. ಅವನು ಗಾಯಗೊಂಡ ತನ್ನ ಕುದುರೆಯ ಶುಶ್ರೂಷೆ ಮಾಡುವುದನ್ನು ಕಿಟಕಿಯಿಂದ ನೋಡಿ ಆಕೆಗೆ ಪ್ರೇಮ ಹುಟ್ಟುತ್ತದೆ. ನೂರ ಹನ್ನೆರಡನೇ ಪುಟದಲ್ಲಿ ಅವಳು ಅವನ ಎದೆಗೊರಗುತ್ತಾಳೆ. ಆ ಸಾಲುಗಳ ಪಕ್ಕದಲ್ಲಿ, ಗುಂಡಗಿನ ಶಾಲೆಯ ಅಕ್ಷರದಲ್ಲಿ, ಪೆನ್ಸಿಲ್: ‘ಮೂರು ತಿಂಗಳಲ್ಲಿ ಇವಳಿಗೆ ಒಂದು ದಿನವೂ ಅಮ್ಮನ ನೆನಪಾಗಲಿಲ್ಲವಾ? ಇವಳು ಮರೆತದ್ದಲ್ಲ. ಬರೆದವರು ಮರೆತದ್ದು.’

ಪುಸ್ತಕ ಮುಚ್ಚಿ ಕೂತೆ. ವರ್ಷವಿಡೀ ನಾವು ಆಡಿದ ಮಾತೆಲ್ಲ ಆ ಮೂರು ಸಾಲಿನ ಮುಂದೆ ಹರಟೆಯಂತೆ ಕಂಡಿತು. ಗೋಪುರ, ಸೆರೆ, ಪ್ರೇಮ ಎಂದು ನಾವು ಕಿತ್ತಾಡುತ್ತಿದ್ದಾಗ ಈ ಹೆಂಗಸು ಯಾವುದೋ ಬುಧವಾರದ ಮಧ್ಯಾಹ್ನ ಆ ಇಡೀ ಕಾದಂಬರಿಯ ಸುಳ್ಳನ್ನು ಕಿವಿ ಹಿಡಿದು ಎಬ್ಬಿಸಿ ನಿಲ್ಲಿಸಿದ್ದರು.

ಅದೇ ವಾರ ಅಂಕಣ ಕೊಡಬೇಕಿತ್ತು, ಬೇರೆ ವಿಷಯ ಹೊಳೆಯಲಿಲ್ಲ. ‘ಈ ಕಾದಂಬರಿ ಓದುವಾಗ ನನ್ನಲ್ಲೊಂದು ಪ್ರಶ್ನೆ ಹುಟ್ಟಿತು’ ಎಂದು ಬರೆದೆ. ಹುಟ್ಟಿತಂತೆ, ನನ್ನಲ್ಲಿ! ಅಂಚಿನಲ್ಲಿ ಬರೆದದ್ದಕ್ಕೆ ಯಾರ ಹಕ್ಕು, ನಾನು ಅದನ್ನು ಬೆಳೆಸಿದೆನಲ್ಲ, ಸಾವಿರಾರು ಜನಕ್ಕೆ ಮುಟ್ಟಿಸಿದೆನಲ್ಲ ಎಂದೆಲ್ಲ ಒಳಗೊಳಗೇ ವಕೀಲಿ ಮಾಡಿಕೊಂಡೆ. ಗುರುವಾರ ಅಚ್ಚಾಯಿತು. ಥಾಣೆಯಿಂದ, ಕಲ್ಯಾಣದಿಂದ ಫೋನುಗಳು ಬಂದವು. ‘ತಾಯಿಯನ್ನು ನೆನಪಿಸಿದಿರಿ’ ಎಂದು ಒಬ್ಬರು ಅತ್ತರು. ಅದನ್ನೂ ಸ್ವೀಕರಿಸಿದೆ.

ನವೆಂಬರಿನ ಭಾನುವಾರ ಮೆಗಾಬ್ಲಾಕ್. ಹಳಿ ದುರಸ್ತಿಯೆಂದು ಫಾಸ್ಟ್ ಗಾಡಿಗಳಿಲ್ಲದೆ ಎಲ್ಲರೂ ತಡವಾಗಿ ಬಂದರು. ನಳಿನಾಕ್ಷಿ ಹಸಿರು ಅಂಚಿನ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಪುಂಡರೀಕಾಕ್ಷರು ಮಾತಿಗೆ ತಪ್ಪದೆ ಚಹಾ ಮಾಡಿದ್ದರು. “ಕುಡಿದವರು ಆರೋಗ್ಯ ವಿಚಾರಿಸಿಕೊಳ್ಳಿ” ಎಂದು ಅವರೇ ಹಂಚಿದರು. ನಳಿನಾಕ್ಷಿಯವರ ಪುಸ್ತಕ ನನ್ನ ಚೀಲದಲ್ಲಿತ್ತು, ಚೀಲ ನನ್ನ ಕಾಲ ಬಳಿ. ಅವರು ಕೇಳಲಿಲ್ಲ. ನಾನು ಕೊಡಲಿಲ್ಲ.

ಎದ್ದು ನಿಂತರು. ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. “ಕಥೆ ಹೇಳುದಿಲ್ಲ, ನಿಯಮ ಉಂಟಲ್ಲ. ನನ್ನದು ಒಂದೇ ಪ್ರಶ್ನೆ. ಮೂರು ತಿಂಗಳು ಗೋಪುರದಲ್ಲಿ ಇದ್ದ ಹುಡುಗಿಗೆ ಒಂದು ದಿನವೂ ಅಮ್ಮನ ನೆನಪಾಗ್ಲಿಲ್ವಾ?”

ಪುಂಡರೀಕಾಕ್ಷರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಅಯ್ಯೊ ಮಾರಾಯ್ರೆ! ಇದು ನಮ್ಮ ಜಯಶೀಲರು ಪೇಪರಿನಲ್ಲಿ ಬರೆದದ್ದೇ ಅಲ್ವಾ? ಬೋರ್ಡಿನಲ್ಲಿ ಉಂಟು. ನಳಿನಕ್ಕ ಬಾಯಿಪಾಠ ಮಾಡಿದ್ದಾರೆ!”

ನಕ್ಕರು. ಕೆಟ್ಟ ನಗುವಲ್ಲ, ಮಗು ದೊಡ್ಡವರ ಮಾತು ಆಡಿದಾಗ ನಗುತ್ತೇವಲ್ಲ, ಆ ನಗು. ಅದು ಇನ್ನೂ ಕೆಟ್ಟದ್ದು. ಯಾರೂ ಕೇಳದ ಪ್ರಶ್ನೆಯಾಗಬೇಕು ಎಂಬ ನನ್ನ ನಿಯಮವನ್ನು ಒಬ್ಬರು ನೆನಪಿಸಿದರು ಕೂಡ.

ಹಿಂದಿನ ಸಾಲಿನಲ್ಲಿ ಅಮೂಲ್ಯಾ ಇದ್ದಳು. ಪುಂಡರೀಕಾಕ್ಷರ ಮೊಮ್ಮಗಳು, ಇಲ್ಲೇ ಹುಟ್ಟಿದವಳು; ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. “ಅಜ್ಜಾ, ಹಸ್‌ನೇ ಕಾ ಕ್ಯಾ ಹೈ? ಆಂಟಿ ಕೋ ಪೂರಾ ಬೋಲ್‌ನೇ ದೋ ನಾ” ಎಂದು, ಆಂಟಿಗೆ ಪೂರ್ತಿ ಹೇಳಲು ಬಿಡುವಂತೆ ಅಜ್ಜನನ್ನು ಗದರಿಸಿದವಳು ನನ್ನ ಕಡೆ ನೋಡಿದಳು. “ಅಂಕಲ್, ಆಪ್ ಹೀ ಬೋಲೋ,” ನೀವೇ ಹೇಳಿ ಎಂದಳು.

ಹಾಲ್ ನನ್ನ ಕಡೆ ತಿರುಗಿತು. ನಳಿನಾಕ್ಷಿಯವರೂ. ಬಗ್ಗಿ ಚೀಲದ ಜಿಪ್ ಎಳೆದಿದ್ದರೆ ಸಾಕಿತ್ತು. ನಾನು, “ಪರವಾಗಿಲ್ಲ, ಒಳ್ಳೆಯ ಪ್ರಶ್ನೆ ಯಾರು ಕೇಳಿದರೂ ಒಳ್ಳೆಯದೇ” ಎಂದೆ. ಉದಾರವಾಗಿ ಹೇಳಿದೆ. ಯಾರೋ ಚಪ್ಪಾಳೆ ತಟ್ಟಿದರು, ನನಗೆ.

“ಹೌದಿರ್ಬೇಕು. ಓದಿದ್ದು ತಲೆಯಲ್ಲಿ ಕೂತಿರ್ಬೇಕು” ಎಂದು ನಳಿನಾಕ್ಷಿ ಕೂತರು. ಒಂದು ನಿಮಿಷವೂ ಕೂರಲಿಲ್ಲ. ಎದ್ದು ಖಾಲಿ ಲೋಟಗಳನ್ನು ಒಟ್ಟುಮಾಡತೊಡಗಿದರು.

ಮುಂದಿನ ಫೆಬ್ರವರಿಯಲ್ಲಿ ಸಂಘ ಅದೇ ಲೇಖನಕ್ಕೆ ನನ್ನನ್ನು ಸನ್ಮಾನಿಸಿತು. ಶಾಲು, ಹಣ್ಣು, ಹಾರ ಇದ್ದ ಹರಿವಾಣವನ್ನು ವೇದಿಕೆಗೆ ಹಿಡಿದು ತಂದವರು ನಳಿನಾಕ್ಷಿ. ಹರಿವಾಣ ತರುವುದೂ ಹದಿನಾರು ವರ್ಷ ಅವರದೇ ಕೆಲಸವಾಗಿತ್ತು. ನಾನು ತಲೆ ಬಗ್ಗಿಸಿದೆ. ವಿನಯ ಎಂದು ಎಲ್ಲರೂ ಮೆಚ್ಚಿದರು. ಆಮೇಲೆ ಅವರ ಕಣ್ಣಿಗೆ ಬೀಳದಂತೆ ತಡವಾಗಿ ಹೋಗುವುದು, ಬೇಗ ಹೊರಡುವುದು ಕಲಿತೆ. ವರ್ಷ ಕಳೆಯುವುದರೊಳಗೆ ಅವರೇ ಬೀಗದ ಕೈ ಒಪ್ಪಿಸಿ, ಮಗಳು ಶ್ರದ್ಧಾಳ ಮನೆಗೆಂದು ಥಾಣೆ ಪೂರ್ವದ ಕೋಪರಿಗೆ ಹೋದರು. ಬೀಳ್ಕೊಡುಗೆ ಇರಲಿಲ್ಲ. ಪುಸ್ತಕ ನನ್ನಲ್ಲೇ ಉಳಿಯಿತು.

ಕಳೆದ ತಿಂಗಳು, 2017ರ ಜೂನಿನಲ್ಲಿ, ನನ್ನ ಅಂಕಣಗಳನ್ನು ಪುಸ್ತಕ ಮಾಡುತ್ತೇನೆಂದು ಒಬ್ಬ ಪ್ರಕಾಶಕರು ಮುಂದೆ ಬಂದರು. ಮೊದಲ ಲೇಖನವಾಗಿ ಅದೇ ಬೇಕು ಎಂದರು. ಪ್ರೂಫ್ ಬಂತು. ‘ನನ್ನಲ್ಲೊಂದು ಪ್ರಶ್ನೆ ಹುಟ್ಟಿತು’ ಎಂಬಲ್ಲಿಗೆ ಕಣ್ಣು ಬಂದಾಗ ಮುಂದೆ ಓದಲಾಗಲಿಲ್ಲ. ಕಪಾಟಿನಿಂದ ಆ ಪುಸ್ತಕ ತೆಗೆದು ಕೋಪರಿಗೆ ಹೊರಟೆ. ಐದೂವರೆ ವರ್ಷದ ಮೇಲೆ, ಅದೂ ಪ್ರೂಫ್ ತಿವಿದ ಮೇಲೆ.

ಬಾಗಿಲು ತೆಗೆದವರು ಅವರೇ. “ಬನ್ನಿ ಜಯಶೀಲಣ್ಣ. ಚಹಾ ಇಡ್ತೇನೆ.”

“ಬೇಡ ನಳಿನಕ್ಕ” ಎಂದು ಪುಸ್ತಕ ಚಾಚಿದೆ. ಅವರು ಮೊದಲು ನಲವತ್ತೊಂದನೇ ಪುಟ ಬಿಡಿಸಿದರು. “ಕೊಡಪಾನ ಉಂಟು” ಎಂದರು.

“ನನ್ನಿಂದ ತಪ್ಪಾಗಿದೆ.”

“ಗೊತ್ತುಂಟಲ್ಲ. ಬೋರ್ಡಿಗೆ ಅಂಟಿಸಿದ್ದು ನಾನೇ ಅಲ್ವಾ?”

ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ. ಆ ಗುರುವಾರದ ಅಂಕಣವನ್ನು ಕತ್ತರಿಸಿದ್ದು, ಹಿಂಬದಿಗೆ ಗೋಂದು ಹಚ್ಚಿದ್ದು ಅವರ ಕೈ. ಅಂದರೆ ಭಾನುವಾರ ಎದ್ದು ನಿಲ್ಲುವಾಗ ಅವರಿಗೆ ಎಲ್ಲ ಗೊತ್ತಿತ್ತು.

“ಗೊತ್ತಿದ್ದೂ ಮತ್ತೆ ಅದೇ ಪ್ರಶ್ನೆ ಯಾಕೆ ಕೇಳಿದಿರಿ?”

“ನೀವು ಇದ್ರಲ್ಲ ಅಲ್ಲಿ. ಪೇಪರಿನಲ್ಲಿ ಜಾಗ ಸಾಲದೆ ನನ್ನ ಹೆಸರು ಬಿಟ್ಟಿರ್ಬಹುದು, ಬಾಯಲ್ಲಾದ್ರೂ ಹೇಳ್ತಾರೆ ಅಂತ ಎಣಿಸಿದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಪುಟ ತಿರುವುತ್ತ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: “ನಾನು ಬಂದ ವರ್ಷ ನಲ್ಲಿಯ ಲೈನಿನಲ್ಲಿ ನಿಂತ್ರೆ ದಿನಾ ಅಮ್ಮನ ನೆನಪು. ನಮ್ಮ ಇವರು ಒಳ್ಳೆಯವರೇ, ಒಂದು ಮಾತು ಜೋರಾಗಿ ಆಡಿದವರಲ್ಲ. ಆದ್ರೂ ನೆನಪಾಗ್ತದಲ್ಲ? ಅದನ್ನು ಹೇಳ್ಬೇಕು ಅಂತ ಇತ್ತು ಆ ದಿನ.”

“ಕೂಟದ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರಿಗೂ ಹೇಳುತ್ತೇನೆ” ಎಂದೆ.

“ಅಲ್ಲಿ ಬೇಡ. ಅದ್ರಲ್ಲಿ ಎಲ್ಲ ಕೈಮುಗಿದ ಚಿತ್ರ ಹಾಕ್ತಾರೆ, ಮುಗೀತು. ಪೇಪರಿನಲ್ಲಿ ಹಾಕಿದ್ದಲ್ಲ? ಪೇಪರಿನಲ್ಲೇ ಹಾಕಿ. ‘ಒಬ್ಬ ಮಹಿಳೆ’ ಅಂತ ಹಾಕ್ಬೇಡಿ, ಹೆಸರು ಹಾಕಿ. ಅಂಟಿಸ್ಲಿಕ್ಕೆ ನಾನು ಅಲ್ಲಿಲ್ಲ, ಅಷ್ಟೆ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನನ್ನ ಅಂಕಣಗಳ ಪುಸ್ತಕದಿಂದ ಆ ಲೇಖನ ತೆಗೆಯಲು ಪ್ರಕಾಶಕರಿಗೆ ಹೇಳಿದ್ದೇನೆ. ಅದೇನೂ ದೊಡ್ಡತನವಲ್ಲ, ಕದ್ದದ್ದನ್ನು ಮತ್ತೆ ಮಾರದಿರುವುದು ಅಷ್ಟೆ.

ಹೊರಡಲು ಎದ್ದಾಗ ಅವರು ತೊಂಬತ್ತನೇ ಪುಟದಲ್ಲಿ ಬೆರಳಿಟ್ಟು ಕರೆದರು. ಅಲ್ಲಿಯೂ ಅಂಚಿನಲ್ಲಿ ಪೆನ್ಸಿಲ್: ‘ಮೂರು ತಿಂಗಳು ಗೋಪುರದಲ್ಲಿ ಇವಳ ಸೀರೆ ಒಗೆದದ್ದು ಯಾರು? ಅವಳ ಹೆಸರೇನು?’

“ಇದನ್ನು ಯಾಕೆ ಬಿಟ್ರಿ ಜಯಶೀಲಣ್ಣ? ಇದೇ ಒಳ್ಳೆದಿತ್ತು.”

ನಾನು ಬಗ್ಗಿ ಚಪ್ಪಲಿ ಹಾಕಿಕೊಂಡೆ. ಉತ್ತರ ಗೊತ್ತಿತ್ತು. 2011ರಲ್ಲಿ ಅದನ್ನು ಓದಿ ನಾನು ನಕ್ಕಿದ್ದೆ. ಚಹಾ ಮಾಡುವವರಿಗೆ ಇನ್ನೇನು ಹೊಳೆಯುತ್ತದೆ ಎಂದುಕೊಂಡು ಪುಟ ತಿರುವಿದ್ದೆ.